ಎರಡು ಡಿಸ್ಕ್ ಸೇರಿಸಿ ಸ್ಟ್ರೈಪ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಮೂರು ಕ್ಯಾಮೆರಾದ 4ಕೆ ಫುಟೇಜ್ ಹಾಕಿದರೆ ಟೈಮ್‌ಲೈನ್ ತಡವರಿಸುತ್ತಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ, 'ಅಣ್ಣ, ರೇಡ್ 0 ಮಾಡ್ಕೊಡ್ತೀನಿ, ಸ್ಪೀಡ್ ಡಬಲ್ ಆಗುತ್ತೆ' ಅಂದ. ರೇಡ್ ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಡ್ರೈವ್‌ನಂತೆ ಬಳಸುವುದು, ಅದರಲ್ಲಿ ರೇಡ್ 0ಕ್ಕೇ ಸ್ಟ್ರೈಪಿಂಗ್ ಅನ್ನುತ್ತಾರೆ. ಎರಡು 4 ಟಿಬಿ ಹಾರ್ಡ್ ಡಿಸ್ಕ್ ಸೇರಿ 8 ಟಿಬಿಯ ಒಂದೇ ಡ್ರೈವ್ ಆಯಿತು. ಎಸ್‌ಎಸ್‌ಡಿಯಿಂದ ದೊಡ್ಡ ಫೈಲ್ ಕಾಪಿ ಹಾಕಿ ನೋಡಿದೆ, ನಿಜಕ್ಕೂ ಡಬಲ್. ಖುಷಿಯಲ್ಲಿ ಕ್ಯಾಮೆರಾ ಕಾರ್ಡ್‌ಗಳನ್ನೆಲ್ಲ ಅದಕ್ಕೆ ಸುರಿದು ಫಾರ್ಮ್ಯಾಟ್ ಹೊಡೆದೆ.

ಏಳನೇ ತಿಂಗಳಿಗೆ ಒಂದು ಡಿಸ್ಕ್ ಟಕ್ ಟಕ್ ಅನ್ನಲು ಶುರು. ಮಾರನೇ ದಿನ ಡ್ರೈವೇ ಮಾಯ.

ಇನ್ನೊಂದು ಚೆನ್ನಾಗಿದೆಯಲ್ಲ, ಅರ್ಧವಾದರೂ ಸಿಗುತ್ತೆ ಅಂದುಕೊಂಡೆ. ಸ್ಟ್ರೈಪಿಂಗ್‌ನಲ್ಲಿ ಆ ಅರ್ಧಕ್ಕೆ ಬೆಲೆಯೇ ಇಲ್ಲ. ಪ್ರತಿ ಫೈಲನ್ನೂ ತುಂಡು ಮಾಡಿ ಒಂದನ್ನು ಈ ಡಿಸ್ಕಿಗೆ, ಮುಂದಿನದನ್ನು ಆ ಡಿಸ್ಕಿಗೆ ಹಂಚುತ್ತಾ ಹೋಗುತ್ತದೆ. ತುಂಡು 64 ಕೆಬಿ ಅಂದರೆ, 8 ಎಂಬಿಯ ಒಂದು ಫೋಟೋ 128 ತುಂಡು. ಅದರಲ್ಲಿ 64 ಸತ್ತ ಡಿಸ್ಕಿನಲ್ಲಿ. ರಿಕವರಿಯವರು ಉಳಿದ ಡಿಸ್ಕಿನಿಂದ ತೆಗೆದುಕೊಟ್ಟಿದ್ದು ಒಂದಷ್ಟು ಥಂಬ್‌ನೇಲ್, ಜೊತೆಗೆ ನಾನು ಹಾಡುಗಳ ಪಟ್ಟಿ ಬರೆದಿಟ್ಟಿದ್ದ ಟೆಕ್ಸ್ಟ್ ಫೈಲ್. ಒಂದೇ ತುಂಡಿನಲ್ಲಿ ಹಿಡಿಸುವಷ್ಟು ಚಿಕ್ಕವು, ಅದಕ್ಕೇ ಬದುಕಿದ್ದವು. ಧಾರೆಯ ಒಂದು ಫ್ರೇಮೂ ಸಿಗಲಿಲ್ಲ. ಮದುಮಗಳ ಅಪ್ಪನಿಗೆ ಫೋನ್ ಮಾಡಲು ನನಗೆ ಎರಡು ದಿನ ಬೇಕಾಯಿತು.

ಆಮೇಲೆ ಲೆಕ್ಕ ಹಾಕಿ ತಲೆ ಚಚ್ಚಿಕೊಂಡೆ. ನಮ್ಮ ಕ್ಯಾಮೆರಾ ಬರೆಯುವುದು ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಎಂಬಿ. ಮೂರೂ ಸೇರಿದರೆ 37.5. ಒಂದೇ ಡಿಸ್ಕ್ 150 ಎಂಬಿ ಕೊಡುತ್ತಿತ್ತು! ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು, ಏದುಸಿರು ಬಿಡುತ್ತಿದ್ದದ್ದು ಪ್ರೊಸೆಸರ್ ಅಂತ. ಪ್ರಾಕ್ಸಿ, ಅಂದರೆ ಎಡಿಟ್ ಮಾಡಲಷ್ಟೇ ಬಳಸುವ ಹಗುರ ಕಾಪಿ, ಮಾಡಿಕೊಂಡಿದ್ದರೆ ಸಾಕಿತ್ತು.

ರೇಡ್ ಅನ್ನುವ ಹೆಸರು ಕೇಳಿಯೇ ಭದ್ರ ಅಂದುಕೊಂಡಿದ್ದೆ. 1988ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯವರು ರೇಡ್ ಬಗ್ಗೆ ಬರೆದ ಪೇಪರಿನಲ್ಲಿ ಇದ್ದದ್ದು ರೇಡ್ 1ರಿಂದ 5 ಮಾತ್ರ, ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಸುವಂಥವು. ಈ ಸೊನ್ನೆ ಆಮೇಲೆ ಸೇರಿಕೊಂಡಿದ್ದು.

ಹಾಗಂತ ಸ್ಟ್ರೈಪಿಂಗ್ ಬೇಡವೇ ಬೇಡ ಅನ್ನುವುದಿಲ್ಲ. ಕ್ಯಾಶ್ (ಎಡಿಟಿಂಗ್ ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಫೈಲ್), ಪ್ರಾಕ್ಸಿ, ರೆಂಡರ್, ಹೀಗೆ ದೊಡ್ಡ ಫೈಲ್ ಒಂದೇ ಸಮನೆ ಓಡಬೇಕು, ಹೋದರೂ ಮತ್ತೆ ಮಾಡಿಕೊಳ್ಳಬಹುದು ಅನ್ನುವ ಕಡೆ ಧಾರಾಳವಾಗಿ ಹಾಕಿ. ಹಾರ್ಡ್ ಡಿಸ್ಕಿನಲ್ಲಿ ಚಿಕ್ಕಚಿಕ್ಕ ಫೈಲ್ ಒಂದೊಂದಾಗಿ ತೆಗೆಯಲು ಸುಮ್ನೆ ದಂಡ. ವೇಗವೂ ಬೇಕು, ಡಿಸ್ಕ್ ಸತ್ತರೆ ತಡೆಯಲೂ ಬೇಕು ಅಂದರೆ ನಾಲ್ಕು ಡಿಸ್ಕಿನ ರೇಡ್ 10 ಇದೆ, ಎರಡೆರಡು ಡಿಸ್ಕಿನಲ್ಲಿ ಒಂದೇ ಡೇಟಾ ಇಟ್ಟು ಆ ಜೋಡಿಗಳನ್ನು ಸ್ಟ್ರೈಪ್ ಮಾಡುವುದು. ಅದಕ್ಕೂ ಬೇರೆ ಬ್ಯಾಕಪ್ ಬೇಕು. ಕೈತಪ್ಪಿ ಡಿಲೀಟ್ ಮಾಡಿದರೆ ಅಲ್ಲೂ ಹೋಗುತ್ತೆ ಅಲ್ವಾ?

ನಾನೀಗಲೂ ಎರಡು ಹಳೇ ಎಸ್‌ಎಸ್‌ಡಿ ಸ್ಟ್ರೈಪ್ ಮಾಡಿ ಪ್ರಾಕ್ಸಿ ಇಡುತ್ತೇನೆ. ಹೋದ ತಿಂಗಳು ಅದರಲ್ಲೊಂದು ಸತ್ತಿತು. ಬೇರೆ ಹಾಕಿ, ಪ್ರಾಕ್ಸಿ ಮತ್ತೆ ಮಾಡಲು ಬಿಟ್ಟು ಊಟಕ್ಕೆ ಹೋದೆ.