ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಗಮನಕ್ಕೆ: ಬಾಗಿಲಿನ ಮೇಲಿನ ‘5’ ನಂಬಿ ಊಟಕ್ಕೆ ಹೇಳಬೇಡಿ

ಕಳೆದ ತಿಂಗಳು ನಮ್ಮ ಮಗಳ ಹುಟ್ಟುಹಬ್ಬದ ಊಟಕ್ಕೆ ಬಂದಿದ್ದ 35 ಜನರಲ್ಲಿ 11 ಮಂದಿ ಅದೇ ಸಂಜೆ ವಾಂತಿ ಮಾಡಿಕೊಂಡರು. ಅವರಲ್ಲಿ ನಾಲ್ವರು ಚಿಕ್ಕ ಮಕ್ಕಳು. ಅಂಗಡಿಯನ್ನು ಆರಿಸಿದ್ದು ನಾನೇ ಆದ್ದರಿಂದ, ನಾನು ಎಡವಿದ್ದು ಎಲ್ಲಿ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ದೂರು ಕೌನ್ಸಿಲ್ ಮುಂದಿರುವುದರಿಂದ ಅಂಗಡಿಯ ಹೆಸರು ಹೇಳುವುದಿಲ್ಲ.

ಆ ಟೇಕ್‌ಅವೇಯ ಬಾಗಿಲಿನ ಗಾಜಿನ ಮೇಲೆ ಆಹಾರ ನೈರ್ಮಲ್ಯದ ಹಸಿರು-ಕಪ್ಪು ಸ್ಟಿಕರ್ ಇತ್ತು. ಅದರಲ್ಲಿ 5 ಎಂಬ ಅಂಕಿ ಎದ್ದು ಕಾಣುತ್ತಿತ್ತು. ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ 2010ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಸ್ಥಳೀಯ ಕೌನ್ಸಿಲ್‌ನ ಅಧಿಕಾರಿಗಳು ಸಾಮಾನ್ಯವಾಗಿ ಮುನ್ಸೂಚನೆಯಿಲ್ಲದೆ ಬಂದು ಅಡುಗೆಮನೆಯನ್ನು ಪರಿಶೀಲಿಸಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ನೆಲ ಫಳಫಳ ಹೊಳೆಯುತ್ತಿತ್ತು, ಕೌಂಟರಿನಲ್ಲಿದ್ದವರು ಕೈಗವಸು ಹಾಕಿಕೊಂಡಿದ್ದರು. ಸ್ಟಿಕರಿನ ಒಂದು ಮೂಲೆ ಬಿಸಿಲಿಗೆ ಬಿಳಿಚಿಕೊಂಡು ಎದ್ದು ನಿಂತಿದ್ದುದು ಕಣ್ಣಿಗೆ ಬಿದ್ದರೂ ನಾನು ಯೋಚಿಸಲಿಲ್ಲ.

ಮಧ್ಯಾಹ್ನ ಅಲ್ಯೂಮಿನಿಯಂ ಟ್ರೇಗಳು ಬಂದವು. ಚಿತ್ರಾನ್ನದ ಟ್ರೇಯ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟಿದ್ದವು. ಅನ್ನ ಉಗುರುಬೆಚ್ಚಗಿತ್ತು, ಕಡಲೆಬೀಜ ಮೆತ್ತಗಾಗಿತ್ತು. ಊರಿನಿಂದ ಬಂದಿದ್ದ ಅಮ್ಮ ಒಂದು ಹಿಡಿ ಅನ್ನವನ್ನು ಮೂಗಿನ ಬಳಿ ಹಿಡಿದು, “ಹಳಸಿಲ್ಲ ಕಣೋ, ವಾಸನೆ ಏನೂ ಬರ್ತಿಲ್ಲ, ಬಡಿಸು” ಎಂದರು. ನಮ್ಮ ಮನೆಯಲ್ಲಿ ಅಮ್ಮನ ಮೂಗೇ ಕೊನೆಯ ತೀರ್ಪು. ಊಟ ಮುಗಿದದ್ದು ಎರಡು ಗಂಟೆಗೆ. ಐದು ಗಂಟೆಯಾಗುವುದರೊಳಗೆ ಮೊದಲ ಫೋನ್ ಬಂತು.

ಅನ್ನದ ವಿಷಯದಲ್ಲಿ ಮೂಗು ಸಾಲದು. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಂದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಹೊರಗೆ ಬಿಟ್ಟರೆ ಅವು ಮೊಳೆತು, ಬೆಳೆದು, ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ, ಮತ್ತು ಆ ವಿಷ ಮರಳಿ ಬಿಸಿ ಮಾಡಿದರೂ ಒಗ್ಗರಣೆಗೆ ಹಾಕಿದರೂ ಹೋಗುವುದಿಲ್ಲ. ಅನ್ನವನ್ನು ಒಂದು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಟ್ಟು, 24 ಗಂಟೆಯೊಳಗೆ ಮುಗಿಸಬೇಕೆಂಬುದು ಇಲ್ಲಿಯ ಸಲಹೆ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿಕೊಂಡೇ ಬೆಳೆದ ನಮಗೆ ಇದು ಅತಿಯೆನಿಸುತ್ತದೆ. ನನಗೂ ಹಾಗೆಯೇ ಅನಿಸುತ್ತಿತ್ತು.

ಆ ರಾತ್ರಿ ಏಜೆನ್ಸಿಯ ಜಾಲತಾಣದಲ್ಲಿ ಅಂಗಡಿಯ ಪೋಸ್ಟ್‌ಕೋಡ್ ಹಾಕಿ ನೋಡಿದೆ. ಅಲ್ಲಿದ್ದ ಅಂಕ 1, ತಪಾಸಣೆ ನಡೆದು ಎಂಟು ತಿಂಗಳಾಗಿತ್ತು. ಅಂಕದ ಕೆಳಗೆ ಮೂರು ಸಾಲುಗಳಿರುತ್ತವೆ. ಕಟ್ಟಡದ ಸ್ಥಿತಿ ಮತ್ತು ಸ್ವಚ್ಛತೆಗೆ ‘ಚೆನ್ನಾಗಿದೆ’ ಎಂದಿತ್ತು, ನಾನು ಕಂಡ ಹೊಳೆಯುವ ನೆಲ ಅದೇ. ಆದರೆ ಆಹಾರವನ್ನು ಬೇಯಿಸಿ, ತಣಿಸಿ, ಶೇಖರಿಸುವ ಕ್ರಮಕ್ಕೂ ಆಹಾರ ಸುರಕ್ಷತೆಯ ನಿರ್ವಹಣೆಗೂ ‘ಭಾರೀ ಸುಧಾರಣೆ ಅಗತ್ಯ’ ಎಂದು ಬರೆದಿತ್ತು. ಮರುದಿನ ಫೋನ್ ಮಾಡಿದಾಗ ಮಾಲೀಕರು, “ಆ ಸ್ಟಿಕರ್ ಹಳೇ ಓನರ್ ಕಾಲದ್ದು ಸರ್, ತೆಗೆಯೋದು ಮರೆತುಹೋಯ್ತು” ಎಂದರು. ಅಂಗಡಿ ಕೈಬದಲಾದರೆ ಹಳೆಯ ಅಂಕ ಹೊಸಬರಿಗೆ ಸಲ್ಲುವುದಿಲ್ಲ. ಅದನ್ನು ತೋರಿಸಿ ಗಿರಾಕಿಯ ದಾರಿ ತಪ್ಪಿಸುವುದು ಗ್ರಾಹಕ ಕಾನೂನಿನ ಪ್ರಕಾರವೂ ತಪ್ಪು.

ವೇಲ್ಸ್‌ನಲ್ಲಿ 2013ರಿಂದ, ಉತ್ತರ ಐರ್ಲೆಂಡಿನಲ್ಲಿ 2016ರಿಂದ ಅಂಕವನ್ನು ಬಾಗಿಲಲ್ಲಿ ತೋರಿಸುವುದು ಕಡ್ಡಾಯ. ಇದೇ ಅಂಗಡಿ ಕಾರ್ಡಿಫ್‌ನಲ್ಲಿದ್ದಿದ್ದರೆ ‘1’ ಎಂಬುದನ್ನೇ ಹಚ್ಚಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಮಾತ್ರ ಅದು ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದು, ಹೀಗಾಗಿ ಕಡಿಮೆ ಅಂಕ ಬಂದವರು ಅದನ್ನು ಪ್ರದರ್ಶಿಸುವ ಗೋಜಿಗೇ ಹೋಗುವುದಿಲ್ಲ. ಈ ಅರೆಬರೆ ಏರ್ಪಾಡು ನನಗಂತೂ ಅರ್ಥವಾಗುವುದಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಗಾಬರಿಯಲ್ಲಿ ಉಳಿದ ಊಟವನ್ನೆಲ್ಲ ಅಂದೇ ಚೆಲ್ಲಿಬಿಟ್ಟೆ. ಕೌನ್ಸಿಲ್‌ನ ಅಧಿಕಾರಿ ಮೊದಲು ಕೇಳಿದ್ದೇ ಮಾದರಿಯನ್ನು; ಕೊಡಲು ನನ್ನಲ್ಲಿ ರಸೀದಿಯೊಂದೇ ಇತ್ತು. ಇಂಥದ್ದೇನಾದರೂ ನಡೆದರೆ ಉಳಿದದ್ದನ್ನು ಮುಚ್ಚಿ, ಯಾರೂ ತಿನ್ನದಂತೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡಿ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹೋಳಿಗೆ, ಪುಳಿಯೋಗರೆ ಮಾರುವ ನಮ್ಮವರಿಗೂ ಈ ನಿಯಮ ಅನ್ವಯಿಸುತ್ತದೆ: ವ್ಯಾಪಾರ ಶುರುವಾಗುವ 28 ದಿನ ಮೊದಲೇ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. “ಅಕ್ಕಾ, ನಿಮ್ಮ ರೇಟಿಂಗ್ ಎಷ್ಟು?” ಎಂದು ಕೇಳಲು ಸಂಕೋಚವಾಗುವುದು ನಿಜ, ಆದರೂ ಕೇಳಿ.

ಮೊನ್ನೆ ಅದೇ ಬೀದಿಯಲ್ಲಿ ಹೋಗುವಾಗ ಹಳೆಯ ಸ್ಟಿಕರ್ ಕಾಣಲಿಲ್ಲ. ಅದರ ಜಾಗದಲ್ಲಿ ‘1’ ಕೂಡ ಇರಲಿಲ್ಲ, ಇರಬೇಕೆಂದು ಇಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ಒಳಗೆ ಯಾರೋ ದೊಡ್ಡ ಆರ್ಡರ್ ಬರೆಸುತ್ತಿದ್ದರು.