ಪಕ್ಕದ ಮನೆಯವರ ತಕರಾರು ಅರ್ಜೀನ ಹಗುರವಾಗಿ ತಗೊಂಡು ಏಳು ತಿಂಗಳು ಮನೆ ಕೆಲಸ ನಿಲ್ಲಿಸ್ಕೊಂಡ ನಮ್ಮ ಕಥೆ

ಮನೆ ಕಟ್ಟಕ್ಕೆ ಹೊರಟಿರೋರು ಯಾರಾದ್ರೂ ಇದ್ರೆ ಪೂರ್ತಿ ಓದಿ, ಉದ್ದ ಇದೆ, ಕ್ಷಮಿಸಿ.

ನಮ್ದು 30x50 ಸೈಟು. ಖಾತಾ ಸರಿಯಿದೆ, ಕಂದಾಯ ಕಟ್ಟಿದೀವಿ, ಪ್ಲಾನ್ ಸ್ಯಾಂಕ್ಷನ್ ಆಗಿದೆ, ಎಲ್ಲಾ ಕ್ಲಿಯರ್. ಗುದ್ದಲಿ ಪೂಜೆ ದಿನ ಪ್ರಸಾದ ಕೊಡಕ್ಕೆ ಪಕ್ಕದ ಮನೆಗೆ ಹೋದಾಗ ಅಲ್ಲಿರೋ ರಿಟೈರ್ಡ್ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, "ನಮ್ ಕಡೆ ಎಷ್ಟು ಜಾಗ ಬಿಡ್ತೀಯಪ್ಪಾ?" ಪ್ಲಾನಲ್ಲಿ ಇರೋಷ್ಟು ಬಿಡ್ತೀನಿ ಸಾರ್ ಅಂದೆ. ಪ್ಲಾನಲ್ಲಿ ಇದ್ದಿದ್ದು 1 ಮೀಟರ್, ಅಂದ್ರೆ ಮೂರೂಕಾಲು ಅಡಿ. ಅವತ್ತು ನಾನು ಸುಳ್ಳು ಹೇಳಿರ್ಲಿಲ್ಲ, ನಿಜವಾಗ್ಲೂ ಬಿಡೋ ಮನಸ್ಸೇ ಇತ್ತು.

ಪಾಯ ಗುರುತು ಹಾಕೋ ದಿನ ಕಂಟ್ರಾಕ್ಟರ್ ಶುರು ಮಾಡ್ದ. "ಸಾರ್ ಈ ರೋಡಲ್ಲಿ ಯಾರ್ ಸಾರ್ ಬಿಟ್ಟವ್ರೆ ಮೂರಡಿ? ಒಂದಡಿ ಬಿಟ್ರೆ ಸಾಕು, ನಿಮ್ ಬೆಡ್‌ರೂಮು ಎರಡಡಿ ಜಾಸ್ತಿ ಅಗಲ ಆಗುತ್ತೆ." ನೋಡಿದ್ರೆ ಹೌದು, ರೋಡಲ್ಲಿ ಒಬ್ಬರೂ ಬಿಟ್ಟಿಲ್ಲ. ಮನೆಯವಳಿಗೆ ಆ ರೂಮಲ್ಲಿ ದೊಡ್ಡ ವಾರ್ಡ್‌ರೋಬ್ ಬೇಕಿತ್ತು, ನಂಗೂ ಆಸೆ ಆಯ್ತು, ಹೂಂ ಅಂದ್ಬಿಟ್ಟೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರಲ್ಲ, ನಂಗೆ ಇಡೀ ರೋಡೇ ಸಾಕ್ಷಿ ಆಗಿತ್ತು.

ಪಾಯ ತೋಡೋವಾಗ ಮೇಷ್ಟ್ರ ಕಾಂಪೌಂಡ್ ಬುಡದ ಮಣ್ಣು ಸ್ವಲ್ಪ ಜರುಗಿ ಗೋಡೇಲಿ ಒಂದು ಬಿರುಕು ಬಿಡ್ತು. ಅವರು ಬಂದು ತೋರಿಸಿದ್ರು. ಮೇಸ್ತ್ರಿ "ಅದು ಹಳೇದು ಸಾರ್" ಅಂದ. ಹಳೇದೋ ಹೊಸದೋ ಹೇಳಕ್ಕೆ ಇಬ್ಬರ ಹತ್ರಾನೂ ಒಂದು ಫೋಟೋ ಇರ್ಲಿಲ್ಲ. ದಯವಿಟ್ಟು ಜೆಸಿಬಿ ಬರೋ ಮುಂಚೆ ಪಕ್ಕದವರ ಕಾಂಪೌಂಡು, ಗೋಡೆ, ಸಂಪು ಎಲ್ಲಾ ಅವರನ್ನೇ ಪಕ್ಕದಲ್ಲಿ ನಿಲ್ಲಿಸ್ಕೊಂಡು ವಿಡಿಯೋ ಮಾಡಿಟ್ಕೊಳಿ. ಪಕ್ಕದವರ ನೆಲಕ್ಕೆ ಆಸರೆಯಾಗಿರೋ ಮಣ್ಣು ತೆಗೆದು ಕುಸಿಯೋ ಹಾಗೆ ಮಾಡಿದ್ರೆ ನಾವು ಹೊಣೆ, ನಮ್ ಸೈಟಲ್ಲಿ ನಾವು ತೋಡಿದ್ವಿ ಅಂದ್ರೆ ನಡಿಯಲ್ಲ.

ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ಮೇಷ್ಟ್ರು ಟೇಪ್ ಹಿಡ್ಕೊಂಡು ಬಂದ್ರು. "ಇದು ಮೂರಡಿ ಇಲ್ವಲ್ಲಪ್ಪಾ." ನಾನು ಆಗ ಆಡಿದ ಮಾತು ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. "ನಮ್ ಸೈಟು, ನಮ್ ಪ್ಲಾನು, ನಿಮ್ ಪರ್ಮಿಷನ್ ಏನೂ ಬೇಕಿಲ್ಲ ಸಾರ್" ಅಂದೆ. ಇದರಲ್ಲಿ ಅರ್ಧ ನಿಜ. ನಮ್ಮಂಥ ಸಾಮಾನ್ಯ ಮನೆಗೆ ಅಕ್ಕಪಕ್ಕದವರ ಒಪ್ಪಿಗೆ ಬೇಕಾಗಿಲ್ಲ, ಅವರು ಬೇಡ ಅಂದ ಮಾತ್ರಕ್ಕೆ ಪ್ಲಾನ್ ರದ್ದಾಗಲ್ಲ. ಆದ್ರೆ ಪ್ಲಾನಲ್ಲಿ ಇರೋದು ಒಂದು, ಕಟ್ತಿರೋದು ಇನ್ನೊಂದು ಅಂತ ಬರೆದು ಕೊಡಕ್ಕೆ ಅವರಿಗೂ ಯಾರ ಪರ್ಮಿಷನ್ ಬೇಕಾಗಿಲ್ಲ.

ಕೊಟ್ರು. ಪ್ಲಾನ್ ಕಾಪೀನ ಆರ್‌ಟಿಐಲಿ ತಗೊಂಡು, ಅದರ ಜೊತೆ ಫೋಟೋ ಇಟ್ಟು, ಪ್ಲಾನ್ ಸ್ಯಾಂಕ್ಷನ್ ಮಾಡಿದ ಆಫೀಸಿಗೆ ತಕರಾರು ಅರ್ಜಿ ಹಾಕಿದ್ರು. ಆಫೀಸಿಂದ ನಮಗೆ ನೋಟಿಸ್ ಬಂತು, ಗೋಡೆಗೆ ಅಂಟಿಸಿ ಹೋಗಿದ್ರು, ಏಳು ದಿನದಲ್ಲಿ ಉತ್ತರ ಕೊಡಿ ಅಂತ. ನಮ್ಮ ಇಂಜಿನಿಯರಿಗೆ ಫೋಟೋ ಕಳ್ಸಿದ್ರೆ ಆ ಮಹಾನುಭಾವ ಹೇಳಿದ್ದು, "ನೋಟಿಸ್ ಗೀಟಿಸ್ ಎಲ್ಲಾ ಮಾಮೂಲಿ ಸಾರ್, ಬೇಗ ಬೇಗ ಎಬ್ಬಿಸ್ಬಿಡೋಣ, ಮೋಲ್ಡ್ ಆದ್ಮೇಲೆ ಯಾರೂ ಮುಟ್ಟಲ್ಲ." ಈ ಮೋಲ್ಡ್ (ತಾರಸಿ ಕಾಂಕ್ರೀಟು) ಆದ್ಮೇಲೆ ಮುಟ್ಟಲ್ಲ ಅನ್ನೋ ಮಾತು ನೂರು ಜನ ಹೇಳ್ತಾರೆ, ನಂಬಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಒಂದು ತೀರ್ಪಲ್ಲಿ, ದುಡ್ಡು ಹಾಕಿದೀವಿ, ಕಟ್ಟಿ ಬಹಳ ದಿನ ಆಯ್ತು ಅನ್ನೋ ಕಾರಣಕ್ಕೆ ಪ್ಲಾನ್ ಮೀರಿ ಕಟ್ಟಿದ್ದು ಸಕ್ರಮ ಆಗಲ್ಲ ಅಂತ ಹೇಳಿದೆ. ಕಟ್ಟಡಕ್ಕೆ ಕಂಪ್ಲೀಷನ್ (ಕೆಲಸ ಮುಗಿದಿದೆ ಅನ್ನೋ) ಅಥವಾ ಆಕ್ಯುಪೆನ್ಸಿ (ವಾಸಕ್ಕೆ ಅನುಮತಿ) ಸರ್ಟಿಫಿಕೇಟ್ ಇದ್ರೇನೇ ಕರೆಂಟು ನೀರು ಕನೆಕ್ಷನ್ ಕೊಡಬೇಕು ಅಂತಾನೂ ಹೇಳಿದೆ. ಇದೆಲ್ಲಾ ನಂಗೆ ಗೊತ್ತಾಗಿದ್ದು ಆಮೇಲೆ, ಲಾಯರ್ ಮುಂದೆ ಕೂತ್ಕೊಂಡಾಗ.

ಏಳು ದಿನ ಕಳೀತು, ಉತ್ತರ ಕೊಡ್ಲಿಲ್ಲ. ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ ಅಂತ ಈಗ ಅನ್ಸುತ್ತೆ, ಜಾಗ ಕಮ್ಮಿ ಬಿಟ್ಟಿದ್ದಕ್ಕಿಂತ. ಅವತ್ತೇ ಹೋಗಿ ಅಳತೆ ಮಾಡ್ಸಿ, ತಪ್ಪಾಗಿದೆ ಸರಿ ಮಾಡ್ತೀನಿ, ಇಷ್ಟು ದಿನ ಟೈಮ್ ಕೊಡಿ ಅಂತ ಬರ್ಕೊಟ್ಟು ಸೀಲ್ ಹಾಕಿಸ್ಕೊಂಡು ಬಂದಿದ್ರೆ ಸೊಂಟದೆತ್ತರ ಗೋಡೆ ಒಡೆದ್ರೆ ಮುಗೀತಿತ್ತು. ಉತ್ತರ ಕೊಡದೇ ಇದ್ದಿದ್ದಕ್ಕೆ, ನಮ್ ಕಡೆಯಿಂದ ಹೇಳೋದು ಏನೂ ಇಲ್ಲ ಅಂತ ಫೈಲಲ್ಲಿ ಬರೆದು ಕೆಲಸ ನಿಲ್ಲಿಸೋ ಆರ್ಡರ್ ಮಾಡಿದ್ರು. ಆಗ ಸೆಂಟ್ರಿಂಗ್ ಶೀಟು, ಜಾಕಿ ಎಲ್ಲಾ ಬಂದು ಬಿದ್ದಿತ್ತು, ಬಾಡಿಗೆ ದಿನದ ಲೆಕ್ಕ. ಮೂಲೇಲಿ 60 ಮೂಟೆ ಸಿಮೆಂಟು, ಮಳೆ ಬಂದು ಅರ್ಧಕ್ಕರ್ಧ ಗಟ್ಟಿ ಆಯ್ತು.

ಇಲ್ಲಿ ಇನ್ನೊಬ್ಬ ಪುಣ್ಯಾತ್ಮ ಎಂಟ್ರಿ ಕೊಟ್ಟ. ಆಫೀಸ್ ಮುಂದೆ ಟೀ ಅಂಗಡೀಲಿ ಇರ್ತಾನೆ, ಎಲ್ಲಾರೂ ಅಣ್ಣಾ ಅಂತಾರೆ. "ನಿಮ್ ಮೇಷ್ಟ್ರು ನಂಗೆ ಗೊತ್ತು, ಅರ್ಜಿ ವಾಪಸ್ ತೆಗೆಸ್ತೀನಿ" ಅಂತ 40 ಸಾವಿರ ತಗೊಂಡ. ಎರಡು ವಾರ ಆದ್ಮೇಲೆ ನಾನೇ ತಡೀಲಾರದೆ ಮೇಷ್ಟ್ರನ್ನ ಕೇಳಿದ್ರೆ, ಅವರಿಗೆ ಆ ಮನುಷ್ಯನ ಹೆಸರೇ ಗೊತ್ತಿಲ್ಲ! ಅದೂ ಅಲ್ದೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸಕ್ಕೆ ಹೋಗಿದ್ದ ಅಂತ ಅವರಿಗೆ ಇನ್ನೂ ಕೋಪ ಬಂತು, ನೆಟ್ಟಗೆ ಕೋರ್ಟಿಗೆ ಹೋದ್ರು.

ಕೇವಿಯಟ್ ಅನ್ನೋದೊಂದು ಇದೆ, ಯಾರೂ ನಂಗೆ ಹೇಳಿರ್ಲಿಲ್ಲ. ಪಕ್ಕದವರು ಕೋರ್ಟಿಗೆ ಹೋಗೋ ಥರ ಕಾಣ್ತಿದ್ರೆ ಮುಂಚೇನೇ ಲಾಯರ್ ಹಿಡಿದು ಕೇವಿಯಟ್ ಹಾಕ್ಸಿಡಿ. 90 ದಿನ ನಡೆಯುತ್ತೆ, ಆಮೇಲೆ ಮತ್ತೆ ಹಾಕ್ಬೇಕು. ಅದಿದ್ರೆ ನಮಗೆ ತಿಳಿಸಿ, ನಮ್ ಮಾತೂ ಕೇಳಿ ಆಮೇಲೆ ಸ್ಟೇ ವಿಚಾರ ತೀರ್ಮಾನ ಮಾಡ್ತಾರೆ. ನಾವು ಹಾಕಿರ್ಲಿಲ್ಲ, ಒಂದು ದಿನ ಕೋರ್ಟಿನ ಅಮೀನ್ ಬಂದು ತಡೆಯಾಜ್ಞೆ ಕೈಗೆ ಕೊಟ್ಟು ಸೈನ್ ಹಾಕಿಸ್ಕೊಂಡು ಹೋದ. ಆಮೇಲೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳೆದ್ರು, 1 ಅಡಿ 2 ಇಂಚು. ಟೇಪಿನ ಜೊತೆ ಯಾವ ಲಾಯರ್ ವಾದ ಮಾಡಕ್ಕಾಗುತ್ತೆ.

ಮೇಷ್ಟ್ರ ದಾವೇಲಿ ಎಲ್ಲಾನೂ ಸರಿಯಿತ್ತು ಅಂತಲ್ಲ. ನಮ್ ಮನೆ ಎದ್ರೆ ಅವರ ಅಡುಗೆಮನೆ ಕಿಟಕಿಗೆ ಗಾಳಿ ಬೆಳಕು ಹೋಗುತ್ತೆ ಅಂತಾನೂ ಬರ್ಸಿದ್ರು. ಅದಕ್ಕೆ ನಮ್ ಲಾಯರ್ ನಕ್ಕರು. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಪಕ್ಕದವರ ಖಾಲಿ ಜಾಗದ ಮೇಲಿಂದ ಬರೋ ಗಾಳಿ ಬೆಳಕಿಗೆ ಹಕ್ಕು ಅಂತ ಆಗ್ಬೇಕು ಅಂದ್ರೆ 20 ವರ್ಷ ಅಡ್ಡಿ ಇಲ್ದೆ ಅನುಭವಿಸಿರ್ಬೇಕಂತೆ, ಮೇಷ್ಟ್ರ ಮನೆಗೆ ಇನ್ನೂ 11 ವರ್ಷ. ಆ ಪಾಯಿಂಟ್ ನಮ್ದೇ. ಆದ್ರೆ ಅದು ಗೆದ್ದು ಏನ್ ಬಂತು, ಸೆಟ್‌ಬ್ಯಾಕ್ (ಪಕ್ಕದಲ್ಲಿ ಬಿಡ್ಬೇಕಾದ ಜಾಗ) ಪಾಯಿಂಟ್ ಒಂದೇ ಸಾಕಿತ್ತು ನಮ್ಮನ್ನ ಮಲಗಿಸಕ್ಕೆ.

ಸಿಟ್ಟಿಗೆ ನಾನೂ ಅವರ ಮನೆ ಪ್ಲಾನ್ ಆರ್‌ಟಿಐಲಿ ತೆಗೆಸ್ದೆ. 10 ರೂಪಾಯಿ ಫೀಸು, ಅರ್ಜಿ 150 ಪದದೊಳಗೆ, 30 ದಿನದಲ್ಲಿ ಕೊಡ್ಬೇಕು. ಅವರ ಬಾಲ್ಕನಿ ಪ್ಲಾನಲ್ಲಿ ಇಲ್ಲವೇ ಇಲ್ಲ. ನಾನೂ ಅರ್ಜಿ ಗುಜರಾಯಿಸ್ದೆ, ಅವರಿಗೂ ನೋಟಿಸ್ ಹೋಯ್ತು. ಒಂದು ದಿನ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಅವರ ಬಾಲ್ಕನಿ ಅಕ್ರಮ ಆದ ಮಾತ್ರಕ್ಕೆ ನನ್ನ ಗೋಡೆ ಸಕ್ರಮ ಆಗ್ಲಿಲ್ಲ, ಅಲ್ಲೀವರೆಗೂ ದಾರೀಲಿ ಸಿಕ್ರೆ ಮಾತಾಡಿಸ್ತಿದ್ದ ಅವರ ಮನೆ ಆಂಟೀನೂ ಮುಖ ತಿರುಗಿಸ್ಕೊಂಡು ಹೋಗಕ್ಕೆ ಶುರು ಮಾಡಿದ್ರು. ಈ ಕೆಲಸ ಮಾತ್ರ ಮಾಡ್ಲೇಬೇಡಿ, ರಾಜಿ ಆಗೋ ದಾರಿ ಅರ್ಧ ಮುಚ್ಚೋಗುತ್ತೆ.

ಕೊನೆಗೆ ನಮ್ಮಪ್ಪ ಊರಿಂದ ಬಂದು, ನನ್ನನ್ನ ಕರ್ಕೊಳ್ದೇ ಒಬ್ರೇ ಮೇಷ್ಟ್ರ ಮನೆಗೆ ಹೋಗಿ ಎರಡು ಗಂಟೆ ಕೂತ್ಕೊಂಡು ಬಂದ್ರು. ಏನ್ ಮಾತಾಡಿದ್ರೋ ಇವತ್ತಿಗೂ ಹೇಳಿಲ್ಲ. "ಗೋಡೆ ಒಡ್ಸು" ಅಂದ್ರು ಅಷ್ಟೇ. ಒಡ್ಸಿ, ಹಿಂದಕ್ಕೆ ತಗೊಂಡು ಪಾಯದಿಂದ ಮತ್ತೆ ಕಟ್ಟಿಸಿದ್ವಿ. ಕೋರ್ಟಲ್ಲಿ ರಾಜಿ ಅರ್ಜಿ ಹಾಕಿ ಇಬ್ಬರೂ ಸೈನ್ ಮಾಡಿದ್ವಿ, ಎಷ್ಟು ಅಡಿ ಎಷ್ಟು ಇಂಚು ಅಂತ ಸ್ಕೆಚ್ ಸಮೇತ. ಬಾಯಿಮಾತಿಗೆ ಒಪ್ಕೋಬೇಡಿ ಅಂತ ಲಾಯರ್ ಹಠ ಹಿಡಿದಿದ್ದು ಒಳ್ಳೇದೇ ಆಯ್ತು.

ಲೆಕ್ಕ ಹಾಕಿದ್ರೆ ಏಳು ತಿಂಗಳು ಬಾಡಿಗೆ ಮನೆ, ಲಾಯರು, ಶೀಟಿನ ಬಾಡಿಗೆ, ಹಾಳಾದ ಸಿಮೆಂಟು, ಒಡೆದು ಕಟ್ಟಿದ್ದು, ಟೀ ಅಂಗಡಿ ಅಣ್ಣಂಗೆ ಕೊಟ್ಟಿದ್ದು ಎಲ್ಲಾ ಸೇರಿ ಆರು ಲಕ್ಷ ದಾಟಿತು. ಅದೂ ಎರಡಡಿ ಜಾಗಕ್ಕೆ. ಕಂಟ್ರಾಕ್ಟರ್ ಒಂದು ರೂಪಾಯಿ ಬಿಡ್ಲಿಲ್ಲ, "ನೀವೇ ಹೂಂ ಅಂದಿದ್ದು ಸಾರ್" ಅಂದ. ಅಗ್ರಿಮೆಂಟಲ್ಲಿ ಸ್ಯಾಂಕ್ಷನ್ ಆದ ಪ್ಲಾನ್ ಪ್ರಕಾರಾನೇ ಕಟ್ತೀನಿ ಅನ್ನೋ ಒಂದು ಸಾಲು ಬರ್ಸಿದ್ರೆ ಅವನೂ ಅವತ್ತು ಆ ಸಲಹೆ ಕೊಡ್ತಿರ್ಲಿಲ್ವೇನೋ.

ಹೋದ ತಿಂಗಳು ಗೃಹಪ್ರವೇಶ ಆಯ್ತು. ವಾರ್ಡ್‌ರೋಬು ರೂಮಲ್ಲಿ ಹಿಡೀದೇ ಹಾಲಲ್ಲಿ ನಿಂತಿದೆ. ಪಕ್ಕದ ಮನೆಗೂ ಹೋಗಿ ಕರೆದಿದ್ವಿ, ಆಂಟಿ ಬಂದು ಅರಿಶಿನ ಕುಂಕುಮ ತಗೊಂಡು ಊಟ ಮಾಡ್ಕೊಂಡು ಹೋದ್ರು. ಮೇಷ್ಟ್ರು ಬರ್ಲಿಲ್ಲ. ಅವರ ಕಾಂಪೌಂಡಿನ ಆ ಬಿರುಕು ಇನ್ನೂ ಹಾಗೇ ಇದೆ, ಈ ಭಾನುವಾರ ಮೇಸ್ತ್ರೀನ ಬರಕ್ಕೆ ಹೇಳಿದೀನಿ.