ಡೆಸ್ಕ್‌ಟಾಪ್ ಎಫೆಕ್ಟ್‌ಗಳು: ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಲಿನಕ್ಸ್‌ಗೆ ಬಂದಿದ್ದೇ ಕ್ಯೂಬ್ ನೋಡಿ. ಕಂಟ್ರೋಲ್, ಆಲ್ಟ್ ಒತ್ತಿ ಮೌಸ್ ಎಳೆದರೆ ಇಡೀ ಡೆಸ್ಕ್‌ಟಾಪ್ ಡಬ್ಬಿಯ ಹಾಗೆ ತಿರುಗುತ್ತಿತ್ತು. ಒಂದೊಂದು ಮುಖದಲ್ಲಿ ಒಂದೊಂದು ವರ್ಕ್‌ಸ್ಪೇಸ್, ಅಂದರೆ ವಿಂಡೋಗಳನ್ನು ಹರಡಿಕೊಳ್ಳುವ ಬೇರೆ ಬೇರೆ ಪರದೆ. ವಿಂಡೋವನ್ನು ಹಿಡಿದು ಎಳೆದರೆ ಒದ್ದೆ ಬಟ್ಟೆಯಂತೆ ಬಳುಕುತ್ತಿತ್ತು. ಅದು ಕಾಂಪಿಜ್ ಕಾಲ, ಲಿನಕ್ಸ್‌ನಲ್ಲಿ ಈ ಎಫೆಕ್ಟ್‌ಗಳನ್ನು ಕೊಡುತ್ತಿದ್ದ ತಂತ್ರಾಂಶದ ಹೆಸರು ಅದು. 2006ರಲ್ಲಿ ನಾವೆಲ್ ಕಂಪನಿ ಅದನ್ನು ಹೊರತಂದಿತು. ಅದೇ ವರ್ಷ ಬೆರಿಲ್ ಅನ್ನೋ ಕವಲು ಒಡೆಯಿತು, 2007ರಲ್ಲಿ ಎರಡೂ ಮತ್ತೆ ಕೂಡಿಕೊಂಡವು. ವಿಂಡೋಸ್ ವಿಸ್ತಾದ ಏರೋ ಗಾಜು, ಅಂದರೆ ಗಾಜಿನಂತೆ ಹಿಂದಿನದು ಕಾಣುವ ವಿಂಡೋ ಅಂಚು, ಜನರ ಕೈಗೆ ಸಿಕ್ಕಿದ್ದು 2007ರ ಜನವರಿಯಲ್ಲಿ. ಹೋಮ್ ಬೇಸಿಕ್ ಆವೃತ್ತಿ ಕೊಂಡವರಿಗೆ ಆ ಗಾಜು ಇರಲೇ ಇಲ್ಲ.

ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿದ್ದು ಇದು: ವಿಂಡೋ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ತೋರಿಸುವ ಎಫೆಕ್ಟ್ ಮಾತ್ರ ದಿನನಿತ್ಯ ಉಳಿಯುತ್ತದೆ. ಈ ವಿಷಯದಲ್ಲಿ ಮ್ಯಾಕ್ ಎಲ್ಲರಿಗಿಂತ ಮುಂದೆ ಇತ್ತು. ಮಿನಿಮೈಸ್ ಮಾಡಿದರೆ ವಿಂಡೋ ಕೊಳವೆಗೆ ಇಳಿದಂತೆ ಪರದೆಯ ಅಂಚಿನ ಐಕಾನ್ ಸಾಲಾದ ಡಾಕ್‌ಗೆ ಇಳಿಯುವ ಜೀನಿ ಎಫೆಕ್ಟ್ ಸುಮ್ನೆ ಅಲಂಕಾರ ಅಲ್ಲ. ಮತ್ತೆ ಎಲ್ಲಿ ಹುಡುಕಬೇಕು ಅಂತ ಅದು ಹೇಳಿಕೊಟ್ಟೇ ಹೋಗುತ್ತದೆ. 2003ರಲ್ಲಿ ಮ್ಯಾಕ್‌ನ ಪ್ಯಾಂಥರ್ ಆವೃತ್ತಿಯ ಜೊತೆ ಎಕ್ಸ್‌ಪೋಸೆ ಬಂತು. ತೆರೆದಿರುವ ಎಲ್ಲ ವಿಂಡೋಗಳನ್ನು ಚಿಕ್ಕದು ಮಾಡಿ ಒಂದೇ ನೋಟಕ್ಕೆ ಹರಡುವ ಆ ಉಪಾಯವನ್ನು ಈಗ ಮೂರೂ ಕಡೆ ದಿನಕ್ಕೆ ಎಷ್ಟೋ ಸಲ ಬಳಸುತ್ತೇನೆ. ಮ್ಯಾಕ್‌ನ ಟ್ರ್ಯಾಕ್‌ಪ್ಯಾಡ್ ಮೇಲೆ ಬೆರಳು ಅರ್ಧಕ್ಕೆ ನಿಂತರೆ ಪರದೆಯೂ ಅರ್ಧಕ್ಕೆ ನಿಲ್ಲುತ್ತದೆ. ಕೈಗೂ ಕಣ್ಣಿಗೂ ನಡುವೆ ಏನೂ ಇಲ್ಲ ಅನ್ನಿಸುತ್ತದೆ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಗ್ನೋಮ್‌ಗೆ ಆ ಗುಣ 2021ರಲ್ಲಿ, 40ನೇ ಆವೃತ್ತಿಯಲ್ಲಿ ಬಂತು. ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಷನ್‌ನಲ್ಲಿ ಈಗ ಅದು ಅಷ್ಟೇ ಹಿತವಾಗಿದೆ.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಮೇಲೆ ನನಗೆ ಪ್ರೀತಿ ಜಾಸ್ತಿ. ಕಾರಣ ಒಂದು ಸ್ಲೈಡರ್! ಅನಿಮೇಷನ್ ಎಷ್ಟು ಬೇಗ ಮುಗಿಯಬೇಕು ಅನ್ನೋದನ್ನು ನಾನೇ ಹೇಳಬಹುದು, ನಿಧಾನದಿಂದ ಹಿಡಿದು 'ತಕ್ಷಣ'ದವರೆಗೆ. ಅದನ್ನು ಎರಡು ಮೂರು ಗೆರೆ ಸರಿಸಿದ ದಿನ ಹಳೆಯ ಲ್ಯಾಪ್‌ಟಾಪ್ ಹೊಸದರಂತೆ ಕಂಡಿತು. ಪ್ರೊಸೆಸರ್ ಅದೇ, ಕಾಯುವ ಹೊತ್ತು ಮಾತ್ರ ಕಡಿಮೆ. ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್ ಆಪ್ಷನ್ಸ್ ಒಳಗೆ ನೆರಳು, ಅನಿಮೇಷನ್ ಒಂದೊಂದಕ್ಕೂ ಟಿಕ್ ಗುರುತು ಇದೆ, ವೇಗಕ್ಕೆ ಇಲ್ಲ. ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲೂ ಇಲ್ಲ.

ಹೋದದ್ದು ತಿರುಗಿ ಬರುವುದು ಕೂಡ ಲಿನಕ್ಸ್‌ನಲ್ಲಿ ಬೇರೆ ಥರ. 2012ರಲ್ಲಿ ವಿಂಡೋಸ್ 8 ಏರೋ ಗಾಜನ್ನು ತೆಗೆಯಿತು, ವಿಂಡೋಗಳನ್ನು ಓರೆಯಾಗಿ ಒಂದರ ಹಿಂದೊಂದು ಜೋಡಿಸಿ ತೋರಿಸುತ್ತಿದ್ದ ಫ್ಲಿಪ್ 3ಡಿ ಕೂಡ ಹೋಯಿತು. ಇಷ್ಟಪಟ್ಟವರು ಏನೂ ಮಾಡುವ ಹಾಗಿರಲಿಲ್ಲ. ಕೆಡಿಇ ಕೂಡ 2021ರಲ್ಲಿ ಕ್ಯೂಬ್ ತೆಗೆಯಿತು. ನನಗೆ ನಿಜಕ್ಕೂ ಬೇಜಾರಾಯಿತು. ಆದರೆ ಅದನ್ನು ಹೊಸದಾಗಿ ಬರೆದರು, 2024ರ ಫೆಬ್ರವರಿಯಲ್ಲಿ ಕೆಡಿಇಯ ಪ್ಲಾಸ್ಮಾ 6 ಆವೃತ್ತಿಯ ಜೊತೆ ಅದು ಮರಳಿತು. ಕೋಡ್ ಎಲ್ಲರ ಕೈಗೂ ಸಿಗುವುದರ ಬೆಲೆ ಆವತ್ತು ಗೊತ್ತಾಯಿತು.

ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಎಲ್ಲ ಎಫೆಕ್ಟ್‌ಗಳ ಕೆಳಗೆ ಇರುವುದು ಕಾಂಪೋಸಿಟರ್. ಪ್ರತಿ ವಿಂಡೋವನ್ನೂ ಮೊದಲು ಮೆಮೊರಿಯಲ್ಲಿ ಬರೆದು, ಆಮೇಲೆ ಗ್ರಾಫಿಕ್ಸ್ ಚಿಪ್ ಅವನ್ನೆಲ್ಲ ಜೋಡಿಸಿ ಪರದೆಗೆ ಕಳಿಸುತ್ತದೆ. ಚಿಪ್‌ನ ಡ್ರೈವರ್ ಸರಿಯಿಲ್ಲದಿದ್ದರೆ ಎಲ್ಲ ಕೆಟ್ಟಂತೆ. ನನ್ನ ಒಂದು ಲ್ಯಾಪ್‌ಟಾಪ್‌ನಲ್ಲಿ ಸ್ಲೀಪ್‌ನಿಂದ ಎದ್ದಾಗಲೆಲ್ಲ ವಿಂಡೋಗಳ ಜಾಗದಲ್ಲಿ ಬಣ್ಣದ ಚೂರುಗಳು ಕಾಣುತ್ತಿದ್ದವು. ವೇಲ್ಯಾಂಡ್‌ಗಿಂತ ಹಳೆಯ ವ್ಯವಸ್ಥೆಯಾದ ಎಕ್ಸ್11 ಸೆಷನ್‌ನಲ್ಲಿ ಆಲ್ಟ್, ಶಿಫ್ಟ್, ಎಫ್12 ಒತ್ತಿ ಕಾಂಪೋಸಿಟಿಂಗ್ ನಿಲ್ಲಿಸಿ ತಿಂಗಳುಗಟ್ಟಲೆ ಕೆಲಸ ಮಾಡಿದೆ. ವೇಲ್ಯಾಂಡ್‌ನಲ್ಲಿ ಕಾಂಪೋಸಿಟರೇ ಡಿಸ್‌ಪ್ಲೇ ಸರ್ವರ್ (ಪರದೆಯನ್ನು ನಡೆಸುವ ತಂತ್ರಾಂಶ) ಆದ್ದರಿಂದ ಹಾಗೆ ನಿಲ್ಲಿಸಲು ಆಗುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಅಲ್ಲೂ ಅಷ್ಟೇ.

ಪಾರದರ್ಶಕ ಮೆನುಗಳನ್ನು ಮಾತ್ರ ಎಲ್ಲ ಕಡೆ ಆಫ್ ಮಾಡಿದ್ದೇನೆ. ಹಿಂದೆ ಫೋಟೋ ಇದ್ದರೆ ಕನ್ನಡದ ಒತ್ತಕ್ಷರಗಳ ಸಣ್ಣ ಸುರುಳಿಗಳು ಕರಗಿಹೋಗುತ್ತವೆ. ಓದಲು ಕಣ್ಣು ಕಿರಿದು ಮಾಡುವುದು ಯಾಕೆ, ಅಲ್ವಾ? ತಲೆ ಸುತ್ತುವವರಿಗಾಗಿ ಚಲನೆ ಕಡಿಮೆ ಮಾಡುವ ಆಯ್ಕೆ ಮೂರರಲ್ಲೂ ಇದೆ. ಹೊಸ ಯಂತ್ರ ಸಿಕ್ಕವರು ಮೊದಲು ಅದನ್ನು ಹುಡುಕಿಟ್ಟುಕೊಳ್ಳಿ.

ಈಗ ನನ್ನ ಪ್ಲಾಸ್ಮಾದಲ್ಲಿ ಎಲ್ಲ ವಿಂಡೋಗಳನ್ನು ಒಟ್ಟಿಗೆ ತೋರಿಸುವ ಓವರ್‌ವ್ಯೂ ಇದೆ, ವರ್ಕ್‌ಸ್ಪೇಸ್ ಬದಲಾದಾಗ ಪಕ್ಕಕ್ಕೆ ಜಾರುವ ಎಫೆಕ್ಟ್ ಇದೆ, ಬಳುಕು ಸ್ವಲ್ಪವೇ ಇದೆ. ಕ್ಯೂಬ್ ಕೂಡ ಹಾಕಿದ್ದೇನೆ. ಸಂಜೆ ಕೆಲಸ ಮುಗಿದ ಮೇಲೆ ಮೆಟಾ (ವಿಂಡೋಸ್ ಗುರುತಿನ ಕೀಲಿ) ಮತ್ತು ಸಿ ಒತ್ತಿ ಒಂದು ಸುತ್ತು ತಿರುಗಿಸಿ ನೋಡುತ್ತೇನೆ.